ಕನ್ನಡಿ ಹಿಂದಿನ ಹಳದಿ ಕಾರ್ಡು

ಹೊಸೂರಿನ ಪಕ್ಕದ ಅವಲಪಲ್ಲಿಯಲ್ಲಿ ನಾನು ಕಟ್ಟಿಸಿದ ಮನೆಯ ನಡುಮನೆಯಲ್ಲಿ ಒಂದು ಕನ್ನಡಿ ಇತ್ತು. ಕಟ್ಟಿಸಿದೆ ಅಂದೆನಲ್ಲ, ಅರ್ಧ ಕಟ್ಟಿಸಿದ್ದು, ಅರ್ಧ ನಾನೇ ಕಟ್ಟಿದ್ದು. ಕಿಟಕಿಯ ಸರಳು, ಬಾಗಿಲ ಚಿಲಕ, ಮುಂದಿನ ಗೇಟು, ಕಡೆಗೆ ಆ ಕನ್ನಡಿಯನ್ನು ತೂಗುಹಾಕಿದ್ದ ಕೊಂಡಿ ಕೂಡ ನನ್ನ ಕೈಯ ವೆಲ್ಡಿಂಗು. ಇವತ್ತಿಗೂ ಒಂದೂ ಬಿಟ್ಟುಕೊಂಡಿಲ್ಲ. ಆ ಕನ್ನಡಿಯ ಹಿಂದೆ ಮೂರು ಕಾರ್ಡುಗಳನ್ನು ಸಿಕ್ಕಿಸಿಟ್ಟಿದ್ದೆವು. ಒಂದು ಕೆಂಪು, ಒಂದು ಹಸಿರು, ಒಂದು ಹಳದಿ.

ಈಗಿನವರು ಜೇಬಿನಲ್ಲಿ ಇಟ್ಟುಕೊಂಡು ತಿರುಗುವ ಪ್ಲಾಸ್ಟಿಕ್ ಕಾರ್ಡಲ್ಲ. ನಾನು ಹೇಳುತ್ತಿರುವುದು ಎಂಬತ್ತರ ದಶಕದ ಮೊದಲ ವರ್ಷಗಳ ಮಾತು. ನಮ್ಮವು ರಟ್ಟಿನ ಕಾರ್ಡುಗಳು. ಮುಂದುಗಡೆ ಅಂಗಡಿಯ ಮೊಹರು, ಗಿರಾಕಿಯ ಹೆಸರು. ಹಿಂದುಗಡೆ ಗೆರೆ ಎಳೆದ ಸಾಲುಗಳು. ದುಡ್ಡಿಲ್ಲದೆ ಸಾಮಾನು ತಂದ ದಿನ ಅದರಲ್ಲಿ ಬರೆದು ಕೊಡುತ್ತಿದ್ದರು, ಸಂಬಳವಾದ ಮೇಲೆ ಹೋಗಿ ಕಟ್ಟಿದರೆ ಬರೆದಿದ್ದರ ಮೇಲೆ ಅಡ್ಡಗೀಟು ಹೊಡೆಯುತ್ತಿದ್ದರು. ಅಷ್ಟೇ. ಕಾರ್ಡಿದ್ದವನಿಗೆ ಮರ್ಯಾದೆ, ಇಲ್ಲದವನಿಗೆ ‘ದುಡ್ಡು ತಂದಿದ್ದೀಯಾ’ ಎಂಬ ಪ್ರಶ್ನೆ.

ಕೆಂಪು ಕಾರ್ಡು ಹೊಸೂರು ಬಜಾರಿನ ಒಂದು ಜವಳಿ ಅಂಗಡಿಯದು. ಊರ ಸುತ್ತ ಕಾರ್ಖಾನೆಗಳು ಎದ್ದು, ನಮ್ಮಂಥವರ ಕೈಗೆ ತಿಂಗಳ ಸಂಬಳ ಬರತೊಡಗಿದಾಗ, ಆ ಅಂಗಡಿಯ ಮನುಷ್ಯ ಸಂಬಳದ ದಿನ ಗೇಟಿನ ಹತ್ತಿರವೇ ನಿಂತು ಪ್ರಸಾದ ಹಂಚಿದಂತೆ ಹಂಚಿದ್ದ. ಹಸಿರು ಕಾರ್ಡು ಸೈಕಲ್ ಅಂಗಡಿಯದು. ಕಂತಿನ ಮೇಲೆ ಸೈಕಲ್ ತಗೊಂಡಿದ್ದೆ, ಕಂತು ಮುಗಿದು ಸೈಕಲ್ಲಿನ ಬಣ್ಣವೂ ಹೋಗಿತ್ತು, ಕಾರ್ಡು ಮಾತ್ರ ಹೊಸದರಂತೆ ಉಳಿದಿತ್ತು. ಇವೆರಡರ ಬಗ್ಗೆ ಯಾರಿಗೂ ತಕರಾರು ಇರಲಿಲ್ಲ. ತಕರಾರು ಬಂದದ್ದು ಹಳದಿಯ ಬಗ್ಗೆ. ಅದು ಬಂದ ಬಗೆಯನ್ನು ಮೊದಲು ಹೇಳಿಬಿಡುತ್ತೇನೆ.

ನಾನು ನಾಟ್ರಾಂಪಾಳ್ಯದ ಕಡೆಯ ಬೆಟ್ಟದವನು. ಐದನೇ ಕ್ಲಾಸಿಗೇ ಸ್ಕೂಲು ಬಿಟ್ಟೆ. ಬಿಡಿಸಲಿಲ್ಲ ಯಾರೂ, ನಾನೇ ಬಿಟ್ಟೆ. ಕೈಗೆ ಕೆಲಸ ಸಿಕ್ಕರೆ ಸಾಕು ಅನ್ನುವ ಆತುರ. ಕೆಲಮಂಗಲಕ್ಕೆ ಇಳಿದು ಬಂದು ಒಬ್ಬ ಯಜಮಾನರ ಕುಲುಮೆಯಲ್ಲಿ ಗಾಡಿ ಚಕ್ರಗಳಿಗೆ ಕಬ್ಬಿಣದ ಪಟ್ಟಿ ಕಟ್ಟುವುದನ್ನು ಕಲಿತೆ. ಎಪ್ಪತ್ತರ ದಶಕದಲ್ಲಿ ಅದೇ ಊರಿನ ಹುಡುಗಿಯನ್ನು ಮದುವೆಯಾಗಿ, ಅವಳ ತವರಿನ ಬೀದಿಯಲ್ಲೇ ಒಂದು ಕೋಣೆ ಬಾಡಿಗೆಗೆ ಹಿಡಿದು ಒಲೆ ಹೂಡಿದೆವು.

ನಮ್ಮ ಬೆಟ್ಟದಲ್ಲಿ ಮಾತು ಬೋಳು. ಇದ್ದರೆ ಐತೆ, ಇಲ್ಲದಿದ್ದರೆ ಇಲ್ಲ. ನನ್ನ ಹೆಂಡತಿಯ ಮನೆಯಲ್ಲಿ ಹಾಗಲ್ಲ. ಅಕ್ಕಿ, ಉಪ್ಪು, ದೀಪದ ಎಣ್ಣೆ, ಅರಿಶಿನ, ಕುಂಕುಮ, ಇವು ಮುಗಿದರೆ ‘ಮುಗೀತು’ ಅನ್ನಬಾರದು, ‘ತೀರೋಯ್ತು’ ಅಂತೂ ಅನ್ನಲೇಬಾರದು. ‘ಹೆಚ್ಚೈತೆ’ ಅನ್ನಬೇಕು. ಬಳೆ ಒಡೆದರೂ ಅದು ‘ಹೆಚ್ಚಿದ್ದು’. ಮನೆಯೊಳಗೆ ಬಡತನದ ಮಾತು ಬರಬಾರದು ಅಂತ ಅವರ ಪದ್ಧತಿ. ಅದನ್ನು ನನಗೆ ಹೇಳಿದವರು ಯಾರು? ಯಾರೂ ಇಲ್ಲ.

ಸಂಸಾರ ಹೂಡಿದ ಮೊದಲ ವಾರ. ಬೆಳಿಗ್ಗೆ ಕೆಲಸಕ್ಕೆ ಹೊರಟವನಿಗೆ ಹೆಂಡತಿ ಬಾಗಿಲಲ್ಲಿ ನಿಂತು, ಮೆಲ್ಲಗೆ, ಹೊಸ ಮದುವಣಗಿತ್ತಿಯ ನಾಚಿಕೆಯಲ್ಲಿ ಹೇಳಿದಳು:

“ಅಕ್ಕಿ ಹೆಚ್ಚೈತೆ ಕಣ್ರೀ.”

ನನಗೆ ಎದೆ ಉಬ್ಬಿತು. ಹೊಸ ಸಂಸಾರ, ಆಗಲೇ ಅಕ್ಕಿ ಹೆಚ್ಚಾಗಿದೆಯಲ್ಲ! “ಒಳ್ಳೇದೇ ಆಯ್ತು ಬುಡು” ಅಂದು ಹೊರಟೆ. ಅಷ್ಟಕ್ಕೇ ನಿಂತಿದ್ದರೆ ಬದುಕಿಕೊಳ್ಳುತ್ತಿದ್ದೆ. ಕುಲುಮೆಯಲ್ಲಿ ಯಜಮಾನರಿಗೆ ಹೇಳಿದೆ: “ಸಂಜೀಕೆ ನಮ್ಮನೇಲೇ ಊಟ ಯಜಮಾನ್ರೇ. ನಮ್ಮನೇಲಿ ಅಕ್ಕಿ ಹೆಚ್ಚೈತಂತೆ.” ಅವರು ನನ್ನ ಮುಖವನ್ನೊಮ್ಮೆ ನೋಡಿದರು. ಏನೋ ಹೇಳಲು ಬಾಯಿ ತೆರೆದರು, ಆಮೇಲೆ ಮೀಸೆಯಲ್ಲೇ ನಕ್ಕು, “ಹಂಗಾದ್ರೆ ಬರ್ಲೇಬೇಕು ಕಣಪ್ಪ” ಅಂದರು.

ಸಂಜೆ ಯಜಮಾನರನ್ನು ಜೊತೆಗೆ ಕರೆದುಕೊಂಡು ಬರಿಗೈ ಬೀಸಿಕೊಂಡು ಬಂದವನನ್ನು ನೋಡಿ ನನ್ನ ಹೆಂಡತಿಯ ಮುಖ ಹೇಗಾಯಿತು ಅನ್ನುವುದನ್ನು ಬರೆಯಲಾರೆ. ಅವಳು ನೀರು ಕೊಟ್ಟು, ಹಿತ್ತಲ ಬಾಗಿಲಿನಿಂದ ಬಸ್ ನಿಲ್ಲುವ ಜಾಗದ ಎದುರಿನ ಶೆಟ್ಟರ ದಿನಸಿ ಅಂಗಡಿಗೆ ಓಡಿದಳಂತೆ. ನಡೆದದ್ದನ್ನು ಕೇಳಿ ಶೆಟ್ಟರು ತಕ್ಕಡಿ ಹಿಡಿಯಲಾರದಷ್ಟು ನಕ್ಕರಂತೆ. ಅಕ್ಕಿ, ಬೇಳೆ, ಒಂದು ತೆಂಗಿನಕಾಯಿ ಕಟ್ಟಿಕೊಟ್ಟು, ಒಂದು ಹಳದಿ ರಟ್ಟು ತೆಗೆದು ಅವಳ ಹೆಸರು ಬರೆದು ಕೈಗಿಟ್ಟರು.

“ಇದ್ನ ಇಟ್ಕ ಅಮ್ಮಣ್ಣಿ. ನಿನ್ ಗಂಡ ಬೆಟ್ಟದ್ ಮೇಲ್ನೋನು. ಅವನ್ಗೆ ನಮ್ ಭಾಷೆ ಬರೋಗಂಟ ಬೇಕಾಯ್ತದೆ.”

ಶೆಟ್ಟರ ಮನೆಮಾತು ತೆಲುಗು, ಅಂಗಡಿಯ ಮಾತು ಕನ್ನಡ, ಬಸ್ಸಿನವರೊಡನೆ ತಮಿಳು. ಅವರ ಕಾರ್ಡಿಗೆ ಒಂದು ಕಟ್ಟುಪಾಡಿತ್ತು. ಒಂಟಿ ಗಂಡಸಿಗೆ ಕೊಡುತ್ತಿರಲಿಲ್ಲ. ಒಲೆ ಹೂಡಿದ ಮೇಲೇ ಕಾರ್ಡು, ಅದೂ ಮನೆಯ ಹೆಂಗಸಿನ ಹೆಸರಿಗೆ. “ಒಲೆ ಯಾರ್ದೋ ಕಾರ್ಡೂ ಅವ್ರ್ದೇ” ಅನ್ನುತ್ತಿದ್ದರು. ಕೊಟ್ಟ ಕಾರ್ಡು ಅಂಗಡಿಗೆ ವಾಪಸ್ಸು ಬರುವುದು ಆ ಒಲೆ ತಣ್ಣಗಾದಾಗ ಮಾತ್ರ. ಮನೆಯಲ್ಲಿ ಸಾವಾಯಿತು ಅಂದಾಗ ಯಾರಾದರೂ ಮೂರನೆಯವರು ತಂದುಕೊಟ್ಟು ಹೋಗುತ್ತಿದ್ದರು. ಇದೆಲ್ಲ ನನಗೂ ಗೊತ್ತಿತ್ತು. ನಮಗೆ ಸಂಬಂಧವಿಲ್ಲದ ವಿಷಯ ಹೇಗೆ ಗೊತ್ತಿರುತ್ತದೋ ಹಾಗೆ.

ಆಮೇಲೆ ಹೊಸೂರಿನ ಕಾರ್ಖಾನೆಯಲ್ಲಿ ವೆಲ್ಡರ್ ಕೆಲಸ ಸಿಕ್ಕಿತು. ಶಿಫ್ಟು, ಓಟಿ, ಸಂಬಳ. ಸಾಮಾನನ್ನು ಹೊಸೂರಿನಲ್ಲೇ ಕೈಯಲ್ಲಿ ದುಡ್ಡು ಹಿಡಿದು ತರತೊಡಗಿದೆವು. ಹಳದಿ ಕಾರ್ಡಿನಲ್ಲಿ ಹೊಸದಾಗಿ ಒಂದಕ್ಷರವೂ ಬೀಳದೆ ವರ್ಷಗಳು ಕಳೆದವು. ಮನೆ ಎದ್ದಿತು. ಗೃಹಪ್ರವೇಶಕ್ಕೆ ಬಂದಿದ್ದ ಪಕ್ಕದ ಮನೆಯ ಮೇಷ್ಟರು ಕನ್ನಡಿ ಮುಂದೆ ನಿಂತು ಕ್ರಾಪು ಸರಿಮಾಡಿಕೊಳ್ಳುತ್ತ, ಹಿಂದಿನಿಂದ ಇಣುಕುತ್ತಿದ್ದ ರಟ್ಟುಗಳನ್ನು ಕಂಡು, “ಏನಪ್ಪಾ, ಮೂರು ಮೂರು ಅಂಗಡೀಲಿ ಸಾಲದ ಲೆಕ್ಕ ಇಟ್ಟಿದ್ದೀಯ, ದೊಡ್ಡ ಕುಳ ನೀನು” ಅಂದರು. ತಮಾಷೆಗೇ ಅಂದದ್ದು. ಅವರು ಒಳ್ಳೆಯ ಮನುಷ್ಯ, ಆ ಮಾತು ಅವರಿಗೆ ಸಂಜೆಗೆ ಮರೆತೂ ಹೋಗಿರಬೇಕು. ನನಗೆ ಮಾತ್ರ ಹೋಳಿಗೆ ರುಚಿಸಲಿಲ್ಲ. ಸ್ವಂತ ಗೋಡೆ, ಸ್ವಂತ ಗೇಟು, ಯಾರಿಗೂ ಒಂದು ಕಾಸು ಕೊಡಬೇಕಾಗಿಲ್ಲ. ಅಂಥವನ ಮನೆಯ ಕನ್ನಡಿ ಹಿಂದೆ ಸಾಲದ ಕಾರ್ಡು ಯಾಕಿರಬೇಕು?

ನೆಂಟರು ಹೋದ ಮೇಲೆ ಹೆಂಡತಿಗೆ ಹೇಳಿದೆ: “ಈ ಮೂರ್ನೂ ವಾಪಸ್ ಕೊಟ್ಬುಡ್ತೀನಿ.”

“ಕೆಂಪುದ್ನ ಕೊಡಿ. ಹಸ್ರುದ್ನೂ ಕೊಡಿ. ಹಳ್ದಿದು ಇರ್ಲಿ.”

“ಯಾಕೆ? ಅಲ್ಲಿಂದ ಸಾಮಾನು ತಂದು ಎಷ್ಟ್ ವರ್ಸ ಆಯ್ತು?”

“ತರ್ದಿದ್ರೆ ಏನು? ಉಂಬಕ್ಕೆ ಕೇಳ್ತದಾ, ಉಡಕ್ಕೆ ಕೇಳ್ತದಾ? ಅದರ ಪಾಡ್ಗೆ ಅದು ಅಲ್ಲೈತೆ.”

“ಸಾಲದ ಕಾರ್ಡು ಕಣೇ ಅದು.”

“ನಿಮ್ಗೆ ಸಾಲದ್ದು. ನನ್ಗೆ ಅಲ್ಲ.” ಸ್ವಲ್ಪ ಹೊತ್ತು ಪಾತ್ರೆ ಉಜ್ಜಿ, ಆಮೇಲೆ ಹೇಳಿದಳು: “ಇಲ್ಲಿ ಮನೆ ಪತ್ರ ನಿಮ್ ಹೆಸ್ರಲ್ಲಿ. ರೇಷನ್ ಕಾರ್ಡು ನಿಮ್ ಹೆಸ್ರಲ್ಲಿ. ಅಲ್ಲಿ ನಮ್ಮಮ್ಮನ್ ಮನೆ ಅಂತಾರೆ, ಅದೂ ಈಗ ನಮ್ಮಣ್ಣನ್ ಮನೆ. ತವ್ರೂರಲ್ಲಿ ನನ್ ಹೆಸ್ರು ಅಂತ ಒಂದು ಬರ್ದಿರೋದು ಆ ರಟ್ನಲ್ಲೇ. ಹೋದಾಗ ಶೆಟ್ರು ಹೆಸ್ರಿಡಿದು ಕರೀತಾರೆ. ಇರ್ಲಿ ಬುಡಿ.”

“ನೋಡಾಣ” ಅಂದೆ. ನಮ್ಮಲ್ಲಿ ಗಂಡಸು ‘ನೋಡೋಣ’ ಅಂದರೆ ಏನು ಅನ್ನುವುದು ಹೆಂಗಸರಿಗೆ ಗೊತ್ತು. ಅವಳು ಮುಖ ತಿರುಗಿಸಿದಳು.

ಮೊದಲು ಕೆಂಪು ಕಾರ್ಡು. ಜವಳಿ ಅಂಗಡಿಯ ಮೇನೇಜರಿಗೆ ನಾನು ಹೇಳಿದ್ದು ಅರ್ಥವಾಗಲೇ ಇಲ್ಲ. ಕಾರ್ಡು ಬೇಕು ಅಂತ ಬರುವವರಿದ್ದಾರೆ, ಬೇಡ ಅಂತ ಯಾರು ಬರುತ್ತಾರೆ? “ಸಾರ್, ಕ್ಲೋಸ್ ಪಣ್ಣಾದೀಂಗ ಸಾರ್,” ಲೆಕ್ಕ ಮುಚ್ಚಬೇಡಿ ಅಂತ ಗೋಗರೆದು ಕುರ್ಚಿ ಹಾಕಿಸಿದ, ಕಾಫಿ ತರಿಸಿದ, ಯಾರಾದರೂ ಅವಮಾನ ಮಾಡಿದರಾ ಅಂತ ಕೇಳಿದ. ಸೀರೆಗಳನ್ನು ನನ್ನ ಮುಂದೆ ಹರವಿಯೂ ಬಿಟ್ಟ. ನಾನು ಜಗ್ಗಲಿಲ್ಲ. ಕಡೆಗೆ ಸೋತು ಕಾರ್ಡು ತೆಗೆದುಕೊಂಡು, ಆ ವರ್ಷದ ಕ್ಯಾಲೆಂಡರನ್ನು ಸುರುಳಿ ಸುತ್ತಿ ಕೈಗೆ ಕೊಟ್ಟ. ದೊಡ್ಡ ಲಕ್ಷ್ಮಿಯ ಪಟ. ಬೇಡ ಅನ್ನಲು ಬಾಯಿ ಬರಲಿಲ್ಲ. ತಂದು ಕನ್ನಡಿಯ ಪಕ್ಕದಲ್ಲೇ ನೇತುಹಾಕಿದೆ.

ಹಸಿರು ಕಾರ್ಡು ಹಿಡಿದು ಸೈಕಲ್ ಅಂಗಡಿಗೆ ಹೋದರೆ ಅಲ್ಲಿ ಸೈಕಲ್ಲೂ ಇಲ್ಲ, ಅಂಗಡಿಯವನೂ ಇಲ್ಲ, ಬೇಕರಿಯಾಗಿತ್ತು. ಬೇಕರಿಯವನು ಕಾರ್ಡನ್ನು ತಿರುವಿ ನೋಡಿ, “ಇದಕ್ಕೆ ಒಂದು ಬನ್ ಬೇಕಾದ್ರೆ ಕೊಡ್ತೀನಿ” ಅಂದ. ಬನ್ ತಿಂದೆ, ದುಡ್ಡು ಕೊಟ್ಟೆ, ಕಾರ್ಡು ಮನೆಗೆ ತಂದು ನಾಲ್ಕಾಗಿ ಮಡಿಸಿ ಅಲ್ಲಾಡುತ್ತಿದ್ದ ಮೇಜಿನ ಕಾಲಿಗೆ ಕೊಟ್ಟೆ. ಅದು ಯಾವತ್ತೂ ಅಷ್ಟು ಉಪಯೋಗಕ್ಕೆ ಬಂದಿರಲಿಲ್ಲ.

ಉಳಿದದ್ದು ಹಳದಿ. ಒಂದು ಶುಕ್ರವಾರ ಸಂಜೆ, ಹೆಂಡತಿ ನೀರಿಗೆ ಹೋಗಿದ್ದಾಗ, ಅದನ್ನು ತೆಗೆದು ಜೇಬಿಗಿಟ್ಟುಕೊಂಡೆ. ಕೆಲಮಂಗಲಕ್ಕೆ ನಾನೇ ಹೋಗಬೇಕಿತ್ತು. ಶನಿವಾರ ಶಿಫ್ಟು, ಭಾನುವಾರ ಉಗಾದಿಯ ಸುಣ್ಣ ಬಳಿಯುವ ಕೆಲಸ. ಹೀಗಾಗಿ ಹೊಸೂರು ಬಸ್ ಸ್ಟ್ಯಾಂಡಿನಲ್ಲಿ ದೆಂಕಣಿಕೋಟೆ ಬಸ್ಸಿನ ಕಂಡಕ್ಟರನ್ನು ಹಿಡಿದೆ. ಕೃಷ್ಣಗಿರಿ ಕಡೆಯ ತಮಿಳು ಮನುಷ್ಯ, ನನಗೆ ಚೆನ್ನಾಗಿ ಗೊತ್ತಿದ್ದವನು.

“ಕೆಲಮಂಗ್ಲದಲ್ಲಿ ಶೆಟ್ರ ಅಂಗ್ಡೀಲಿ ಇದ್ನ ಕೊಟ್ಬುಡಣ್ಣ. ನಮ್ ಲೆಕ್ಕ ತೀರೋಯ್ತು ಅಂತ ಯೋಳು, ಅಷ್ಟೇ.”

“ಅವ್ವಳವುದಾನೇ, ಸೊಲ್ಲಿಡ್ರೇನ್,” ಅಷ್ಟೇ ತಾನೇ, ಹೇಳಿಬಿಡ್ತೀನಿ ಅಂತ ಚರ್ಮದ ಬ್ಯಾಗಿಗೆ ಹಾಕಿಕೊಂಡ.

ಮನೆಗೆ ಬಂದೆ. ಕಾರ್ಡುಗಳು ಹೋದ ಮೇಲೆ ಕನ್ನಡಿ ಗೋಡೆಗೆ ಅಂಟಿಕೊಂಡಿತ್ತು. ಅದುವರೆಗೆ ಆ ರಟ್ಟುಗಳ ಒತ್ತಿಗೆ ಸ್ವಲ್ಪ ಮುಂದಕ್ಕೆ ಬಾಗಿ ನಿಲ್ಲುತ್ತಿತ್ತು, ಗಿಡ್ಡಗಿದ್ದ ನನ್ನ ಹೆಂಡತಿಗೆ ಮುಖ ಪೂರ್ತಿ ಕಾಣುತ್ತಿತ್ತು. ಈಗ ನೋಡಿದರೆ ಹಣೆಯಿಂದ ಮೇಲಷ್ಟೇ. ಕುಂಕುಮ ಇಟ್ಟುಕೊಳ್ಳಲು ಬಂದವಳು ಕನ್ನಡಿಯನ್ನು ನೋಡಿದಳು, ಹಿಂದೆ ಕೈಯಾಡಿಸಿದಳು, ನನ್ನ ಕಡೆ ತಿರುಗಿದಳು.

“ಕಳಿಸ್ಬುಟ್ರಾ?”

“ಊಂ.”

ಜಗಳವಾಡಿದ್ದರೆ ನಾನೂ ನಾಲ್ಕು ಮಾತು ಆಡುತ್ತಿದ್ದೆ. ಆಡಲಿಲ್ಲ. ಅವತ್ತು ರಾತ್ರಿಯ ಊಟದಲ್ಲಿ ಇನ್ನೊಂದು ಸೌಟು ಸಾರು ಕೇಳಿದರೆ, “ಹೆಚ್ಚೈತೆ” ಅಂದಳು. ಮಜ್ಜಿಗೆ? “ಹೆಚ್ಚೈತೆ.” ಮಾರನೆಯ ದಿನ ಏನೋ ಸಮಾಧಾನ ಹೇಳಲು ಹೋದೆ. “ಮಾತೂ ಹೆಚ್ಚೈತೆ” ಅಂದು ಒಳಗೆ ಹೋದಳು. ಅಷ್ಟು ವರ್ಷದಲ್ಲಿ ನನಗೆ ಆ ಭಾಷೆ ಚೆನ್ನಾಗಿಯೇ ಬಂದಿತ್ತು. ಅರ್ಥವಾಯಿತು, ಆದರೆ ಬಗ್ಗಲಿಲ್ಲ. ದುಡಿದು ಉಣ್ಣುವವನಿಗೆ ಅದೊಂದು ಜಂಬ ಇರಬೇಕು ಅನ್ನುವುದು ನನ್ನ ಮತ.

ಇತ್ತ ಕೆಲಮಂಗಲದಲ್ಲಿ ನಡೆದದ್ದು ನನಗೆ ಆಮೇಲೆ ಗೊತ್ತಾಯಿತು. ಶನಿವಾರ ಬೆಳಗಿನ ಟ್ರಿಪ್ಪಿನಲ್ಲಿ ಕಂಡಕ್ಟರು ಫುಟ್‌ಬೋರ್ಡಿನಿಂದಲೇ ಬಗ್ಗಿ ಕಾರ್ಡನ್ನು ಶೆಟ್ಟರ ಕೈಗೆ ಕೊಟ್ಟಿದ್ದಾನೆ. ಎಂಜಿನ್ನಿನ ಸದ್ದು. ನಾನು ಹೇಳಿದ ಮಾತನ್ನು ತನ್ನ ತಮಿಳಿಗೆ ಹಾಕಿಕೊಂಡು ಕೂಗಿ ಹೇಳಿದ್ದಾನೆ:

“ವೆಲ್ಡರ್ ಕಣಕ್ಕು ಮುಡಿಂಜು ಪೋಚ್ಚು!”

ವೆಲ್ಡರ್ ಲೆಕ್ಕ ಮುಗಿಯಿತು. ಅಂಗಡಿ ಲೆಕ್ಕದ ಬಗ್ಗೆ ಅಂದರೆ ಅದು ಅಂಗಡಿ ಲೆಕ್ಕವೇ. ಮನುಷ್ಯನ ಬಗ್ಗೆ ಅಂದರೆ, ತಮಿಳಿನಲ್ಲೂ ಅಷ್ಟೇ, ಕನ್ನಡದಲ್ಲೂ ಅಷ್ಟೇ, ಮನುಷ್ಯನೇ ಮುಗಿದ ಹಾಗೆ. ಶೆಟ್ಟರ ಕೈಯಲ್ಲಿ ಮೂರನೆಯವನು ತಂದುಕೊಟ್ಟ ಹಳದಿ ಕಾರ್ಡು. ಅವರು ಬೇರೆ ಏನು ತಿಳಿದುಕೊಳ್ಳಬೇಕು?

“ಎಪ್ಪೋ?” ಅಂತ ಕೇಳಿದ್ದಾರೆ. ಯಾವಾಗ?

ನಾನು ಕಾರ್ಡು ಯಾವಾಗ ಕೊಟ್ಟೆ ಅಂತ ಕೇಳುತ್ತಿದ್ದಾರೆ ಅಂದುಕೊಂಡು ಕಂಡಕ್ಟರು, “ನೇತ್ತುದಾನ್, ಸಾಯಂಗಾಲಂ” ಅಂದಿದ್ದಾನೆ. ನಿನ್ನೆಯೇ, ಸಂಜೆ. ಶಿಳ್ಳೆ ಹೊಡೆದಿದ್ದಾನೆ. ಬಸ್ಸು ಹೋಗಿದೆ.

ಭಾನುವಾರ ಬೆಳಿಗ್ಗೆ ನಾನು ಏಣಿ ಹತ್ತಿ ಮನೆಯ ಪಕ್ಕದ ಗೋಡೆಯ ತುದಿಗೆ ಸುಣ್ಣ ಬಳಿಯುತ್ತಿದ್ದೆ. ತಲೆಗೆ ಟವೆಲು, ಮೈಯೆಲ್ಲ ಸುಣ್ಣ, ಹುಬ್ಬು ಮೀಸೆ ಕೂಡ ಬೆಳ್ಳಗೆ. ಹೆಂಡತಿ ಜಗುಲಿಯ ಮೇಲೆ ಮೊರದಲ್ಲಿ ಅಕ್ಕಿ ಹಾಕಿಕೊಂಡು ಕಲ್ಲು ಆರಿಸುತ್ತಿದ್ದಳು. ಒಂದು ಜಟಕಾ ಬಂದು ಗೇಟಿನ ಮುಂದೆ ನಿಂತಿತು. ಶೆಟ್ಟರು ಇಳಿದರು. ಕಂಕುಳಲ್ಲಿ ಬಾಳೆಯೆಲೆಯ ಪೊಟ್ಟಣ. ಜಟಕಾದವನು ಹಿಂದಿನಿಂದ ಒಂದು ಗೋಣಿಚೀಲವನ್ನು ಇಳಿಸಿದ. ನಾನು ಮೇಲಿನಿಂದ ಕಂಡೆ. ಕಾರ್ಡಿನ ವಿಷಯ ಮಾತಾಡಲು ಬಂದಿದ್ದಾರೆ, ನಾನು ಗಟ್ಟಿಯಾಗಿ ನಿಲ್ಲಬೇಕು ಅಂದುಕೊಂಡು ಸುಮ್ಮನೆ ಬಳಿಯುತ್ತಲೇ ಇದ್ದೆ. ಅವರು ನನ್ನನ್ನು ನೋಡಲಿಲ್ಲ.

ನೋಡಿದ್ದು ನನ್ನ ಹೆಂಡತಿಯ ಹಣೆಯನ್ನು. ಕುಂಕುಮ ಇದ್ದ ಹಾಗೇ ಇತ್ತು, ತಲೆಯಲ್ಲಿ ಹೂವೂ ಇತ್ತು. ಪಾಪ, ಹತ್ತನೇ ದಿನಕ್ಕೆ ಇದನ್ನೆಲ್ಲ ತೆಗೆಸುತ್ತಾರಲ್ಲ ಅಂದುಕೊಂಡು ಶೆಟ್ಟರು ಸಂಕಟದಿಂದ ಮುಖ ಪಕ್ಕಕ್ಕೆ ತಿರುಗಿಸಿದರು.

“ಬನ್ನಿ ಶೆಟ್ರೇ! ಏನಿಷ್ಟು ದೂರ?” ಅಂದಳು ಇವಳು ಎದ್ದು.

“ಬರ್ದೆ ಇರಕ್ಕಾಯ್ತದಾ ಅಮ್ಮಣ್ಣಿ. ಕೇಳ್ದಾಗ್ಲಿಂದ ಕೈಕಾಲೇ ಆಡ್ನಿಲ್ಲ. ತುಂಬಾ ಕಷ್ಟ ಪಟ್ರಾ?”

“ಪಡ್ದೆ ಏನು? ನಿನ್ನೆ ಶಿಫ್ಟ್ ಮುಗ್ಸಿ ಬಂದೋರು ಆಗ್ಲಿಂದ ಪಡ್ತಾನೇ ಅವ್ರೆ.”

ಶೆಟ್ಟರಿಗೆ ಇದು ಹಿಡಿಯಲಿಲ್ಲ. ದುಃಖದಲ್ಲಿ ತಲೆ ಕೆಟ್ಟಿದೆ ಅಂದುಕೊಂಡರೋ ಏನೋ, ಮೆಲ್ಲಗೆ ಕೇಳಿದರು: “ಈಗ... ಎಲ್ಲವ್ರಮ್ಮ?”

“ಅಗೋ, ಮ್ಯಾಲವ್ರೆ” ಅಂತ ಇವಳು ಕೈ ತೋರಿಸಿದಳು.

ಶೆಟ್ಟರು ಅವಳ ಕೈ ಹೋದ ಕಡೆ ನೋಡಲಿಲ್ಲ. ನೆಟ್ಟಗೆ ಆಕಾಶ ನೋಡಿ, ಕಣ್ಣು ಮುಚ್ಚಿ, ಎರಡೂ ಕೈ ಜೋಡಿಸಿದರು. ಆಗ ನಾನು, ಹಿರಿಯರು ಬಂದಾಗ ಏಣಿ ಮೇಲೆ ನಿಂತಿರುವುದು ಸರಿಯಲ್ಲವೆಂದು, ಅಲ್ಲಿಂದಲೇ ಕೂಗಿದೆ:

“ಇರಿ ಶೆಟ್ರೇ, ಕೆಳಗ್ ಬತ್ತೀನಿ!”

ಜೀವಮಾನದಲ್ಲಿ ನನ್ನ ಯಾವ ಮಾತಿಗೂ ಅಷ್ಟು ಬೆಲೆ ಸಿಕ್ಕಿಲ್ಲ. ಶೆಟ್ಟರು ಕಣ್ಣು ಬಿಟ್ಟರು. ಬೆಳ್ಳಗಿನ ಮೈ, ಬೆಳ್ಳಗಿನ ಮುಖ, ಏಣಿಯಿಂದ ಇಳಿಯುತ್ತಿದೆ. “ಅಯ್ಯೋ ದೇವುಡಾ!” ಅಂತ ಎರಡು ಹೆಜ್ಜೆ ಹಿಂದೆ ಸರಿದು ಗೋಣಿಚೀಲ ತಗುಲಿ ಅದರ ಮೇಲೇ ಕುಳಿತುಬಿಟ್ಟರು. ಪೊಟ್ಟಣ ಬಿದ್ದು ಬಿಚ್ಚಿಕೊಂಡಿತು. ಒಳಗಿನಿಂದ ಸುಗಂಧರಾಜದ ದೊಡ್ಡ ಹಾರ.

“ಬತಿಕೇ ಉನ್ನಾಡು!” ಅಂದರು ಜಟಕಾದವನಿಗೆ. ಬದುಕೇ ಇದ್ದಾನೆ! ಆಮೇಲೆ ನನಗೆ: “ಬದ್ಕಿದ್ದೀಯೇನ್ಲಾ?”

“ಬದ್ಕವ್ನಿ ಶೆಟ್ರೇ. ಯಾಕೆ?”

“ಯಾಕಾ? ನಿನ್ ಕಣಕ್ಕು ಮುಡಿಂಜೋಯ್ತು ಅಂತ ಬಸ್ನೋನು ಕಾರ್ಡ್ ಕೊಟ್ಬುಟ್ಟೋದ ಕಣ್ಲಾ! ಮಣ್ಣಿಗೆ ಬರಾಕಾಗ್ನಿಲ್ಲ, ಮೂರ್ನೇ ದಿನದ ಹಾಲುತುಪ್ಪಕ್ಕಾದ್ರೂ ಹೋಗಾಣ ಅಂತ ಅಂಗ್ಡಿ ಬಾಗ್ಲಾಕ್ಕಂಡು ಬಂದೆ. ಮುದ್ಕಿ ಎದೆ ಒಡ್ಕಂತಾಳೆ ಅಂತ ನಿಮ್ಮತ್ತೆಗೂ ಯೋಳ್ನಿಲ್ಲ. ಸಾವಿನ್ ಮನೇಲಿ ಸಾಮಾನ್ಗೆ ಯಾರು ಓಡಾಡ್ತಾರೆ ಅಂತ ಅಕ್ಕಿ ಬ್ಯಾಳೆ ಬೆಲ್ಲ ಎಲ್ಲ ಹೊತ್ಕಂಡ್ ಬಂದಿವ್ನಿ!”

ನನಗೆ ನಗು ತಡೆಯಲಾಗಲಿಲ್ಲ. ಜಟಕಾದವನು ಆಗಲೇ ಚಕ್ರ ಹಿಡಿದುಕೊಂಡು ನಗುತ್ತಿದ್ದ. ಗದ್ದಲ ಕೇಳಿ ಪಕ್ಕದ ಮನೆಯ ಮೇಷ್ಟರೂ ಕಾಂಪೌಂಡಿನ ಮೇಲಿನಿಂದ ಇಣುಕಿದರು. ನಗದಿದ್ದವರು ಇಬ್ಬರೇ. ನನ್ನ ಹೆಂಡತಿ, ಮತ್ತೆ ಶೆಟ್ಟರು.

ಶೆಟ್ಟರು ಚೀಲದ ಮೇಲೆ ಕುಳಿತೇ ಅಂಗಿಯ ಒಳಜೇಬಿನಿಂದ ಹಳದಿ ಕಾರ್ಡು ತೆಗೆದರು.

“ಸತ್ತಿದ್ರೆ ಸರಿ ಅಂತಿದ್ದೆ ಕಣ್ಲಾ. ಬದ್ಕಿದ್ದು ಬಸ್ನೋನ್ ಕೈಲಿ ಕಳಿಸ್ತೀಯಲ್ಲ, ನಾನೇನ್ ಮಾಡಿದ್ದೆ ನಿನ್ಗೆ? ತೂಕದಲ್ಲಿ ಕಮ್ಮಿ ಮಾಡಿದ್ನಾ? ಮಾತಲ್ಲಿ ಕಮ್ಮಿ ಮಾಡಿದ್ನಾ?”

ನಗು ಅಲ್ಲಿಗೆ ನಿಂತಿತು. ಹಾಗೇನಿಲ್ಲ ಅಂದೆ. ಈಗ ಕೈಯಲ್ಲಿ ಸಂಬಳ ಇದೆ, ಸಾಲದ ಕಾರ್ಡು ಇಟ್ಟುಕೊಳ್ಳುವುದು ನನ್ನ ಮನಸ್ಸಿಗೆ ಒಗ್ಗುವುದಿಲ್ಲ, ನಿಮ್ಮ ಮೇಲೆ ಬೇಜಾರೇನಿಲ್ಲ ಅಂತ ನೆಟ್ಟಗೆ ಹೇಳಿದೆ. ಅವರು ಪೂರ್ತಿ ಕೇಳಿದರು. ಆಮೇಲೆ ನನ್ನ ಹೆಂಡತಿಯ ಕಡೆ ತಿರುಗಿದರು.

“ಅಮ್ಮಣ್ಣಿ, ಹೆಸ್ರು ನಿಂದು. ಇಕ್ಕಲಾ, ತೆಗೀಲಾ?”

“ತೆಗ್ದುಬುಡಿ ಶೆಟ್ರೇ, ಈಗ ಅದರ...” ಅಂತ ನಾನು ಬಾಯಿ ಹಾಕಿದೆ.

“ನಿನ್ನ ಕೇಳ್ನಿಲ್ಲ. ನೀನ್ ಸತ್ತೋಗಿದ್ದೀಯ, ಸುಮ್ಕಿರು.”

ಮೇಷ್ಟರು ಕಾಂಪೌಂಡಿನ ಆ ಕಡೆ ಕೆಮ್ಮಿದರು. ನನ್ನ ಹೆಂಡತಿ ಮೊರವನ್ನು ಜಗುಲಿಯ ಮೇಲಿಟ್ಟು, ಸೆರಗಿಗೆ ಕೈ ಒರೆಸಿಕೊಂಡು, ನನ್ನ ಮುಖ ನೋಡಿದಳು. ಬೇಡಿಕೊಳ್ಳುವ ನೋಟವಲ್ಲ, ಜಗಳದ ನೋಟವೂ ಅಲ್ಲ. ನೀವೇನಾದರೂ ಹೇಳುವುದಿದ್ದರೆ ಈಗ ಹೇಳಿ, ಆಮೇಲೆ ನಾನು ಹೇಳುತ್ತೇನೆ ಅನ್ನುವ ಹಾಗಿತ್ತು. ನಾನು ಟವೆಲಿನಿಂದ ಮುಖದ ಸುಣ್ಣ ಒರೆಸಿಕೊಂಡೆ. ಅದಕ್ಕೆ ಸ್ವಲ್ಪ ಹೊತ್ತು ಹಿಡಿಯಿತು. ಅಷ್ಟರಲ್ಲಿ ಅವಳು ಶೆಟ್ಟರ ಹತ್ತಿರ ಹೋಗಿದ್ದಳು.

“ಚೀಲದಲ್ಲಿ ಏನೇನೈತೆ ಶೆಟ್ರೇ?”

“ಅಕ್ಕಿ, ತೊಗ್ರಿಬ್ಯಾಳೆ, ಬೆಲ್ಲ, ತುಪ್ಪ. ಯಾಕಮ್ಮ? ವಾಪಸ್ ತಗಂಡೋಯ್ತೀನಿ ಬುಡು.”

“ಯಾಕೆ ತಗಂಡೋಗ್ತೀರ? ನಮ್ಮನೇಲಿ ಅಕ್ಕಿ ಹೆಚ್ಚೈತೆ.” ಅಷ್ಟು ಹೇಳಿ ಮೊದಲ ಸಲ ನಕ್ಕಳು. “ಬರ್ಕಳಿ. ನನ್ ಹೆಸ್ರಿಗೆ.”

ಶೆಟ್ಟರು ಕಿವಿಯ ಹಿಂದಿನಿಂದ ಪೆನ್ಸಿಲು ತೆಗೆದರು. ಮೊಣಕಾಲ ಮೇಲೆ ಕಾರ್ಡಿಟ್ಟುಕೊಂಡು, ವರ್ಷಗಳಿಂದ ಖಾಲಿ ಬಿದ್ದಿದ್ದ ಸಾಲಿನಲ್ಲಿ ಒಂದೊಂದೇ ಬರೆದರು. ನಾನು ಒಳಗೆ ಹೋಗಿ ದುಡ್ಡು ತಂದೆ, ಅಲ್ಲೇ ಕೊಟ್ಟುಬಿಡೋಣ ಅಂತ. ಹೆಂಡತಿ ಬಾಗಿಲಲ್ಲೇ ತಡೆದಳು.

“ಒಳಗಿಡಿ ಅದ್ನ. ಮುಂದಿನ್ ತಿಂಗ್ಳು ಅಮ್ಮನ್ ನೋಡಕ್ಕೆ ಹೋದಾಗ ನಾನೇ ಕಟ್ಟಿ ಬತ್ತೀನಿ.”

“ಗಂಡನ ತಿಥಿ ಸಾಮಾನು ಸಾಲದಲ್ಲಿ ತಂದ್ಳು ಅಂತಾರೆ ಕಣೇ.”

“ಅನ್ಲಿ. ಗಂಡನ್ಗೇ ಬಡಿಸ್ದೆ ಅಂತೀನಿ.”

ಅವತ್ತು ನನ್ನ ಸಾವಿನ ಊಟವನ್ನು ನಾನೇ ಹೊಟ್ಟೆ ತುಂಬ ಉಂಡೆ. ಶೆಟ್ಟರು, ಮೇಷ್ಟರು, ಜಟಕಾದವನು, ಎಲ್ಲರನ್ನೂ ಸಾಲಾಗಿ ಕೂರಿಸಿದೆವು. ಪಾಯಸ ಮಾಡಿದ್ದಳು. ಶೆಟ್ಟರು ಎರಡನೆಯ ಸಲ ಹಾಕಿಸಿಕೊಳ್ಳುತ್ತ, “ಇನ್ಮ್ಯಾಲೆ ನೀನು ನಿಜ್ವಾಗ್ ಸತ್ರೂ ನಾನು ನಂಬಲ್ಲ ಕಣ್ಲಾ” ಅಂದರು. ಮೇಷ್ಟರು ನನ್ನ ಕಡೆ ಬಗ್ಗಿ, “ಅದೇನಪ್ಪಾ, ಸಾಲದ ಕಾರ್ಡು ಅಂತ ನಾನು ತಮಾಷೆ ಮಾಡಿದ್ನಲ್ಲ, ಅದೇನಾ ಇದು?” ಅಂದರು. ಅದೇ ಅಂದೆ. “ನಮ್ಮ ಮನೆಯವಳಿಗೆ ಹೇಳಬೇಡಪ್ಪ, ಅವಳಿಗೂ ಒಂದು ಬೇಕು ಅಂತಾಳೆ” ಅಂದರು. ಹಾರವನ್ನು ಏನು ಮಾಡುವುದು ಅನ್ನುವುದೇ ಸ್ವಲ್ಪ ಚರ್ಚೆಯಾಯಿತು. ಬದುಕಿದವನ ಕೊರಳಿಗೆ ಹಾಕುವ ಹಾಗಿಲ್ಲ, ವಾಪಸ್ಸು ಒಯ್ಯುವ ಹಾಗಿಲ್ಲ. ಜವಳಿ ಅಂಗಡಿಯವನು ಕೊಟ್ಟಿದ್ದ ಕ್ಯಾಲೆಂಡರಿನ ಲಕ್ಷ್ಮಿಗೆ ಹಾಕಿದೆವು. ಆ ಭಾರಕ್ಕೆ ಮೊಳೆ ಬಾಗಿತು. ಸಂಜೆಯೇ ನಾನು ಒಂದು ಗಟ್ಟಿ ಕೊಂಡಿ ಮಾಡಿ ಹಾಕಿದೆ.

ಹಳದಿ ಕಾರ್ಡು ಮತ್ತೆ ಕನ್ನಡಿಯ ಹಿಂದೆ ಹೋಯಿತು. ಒಂದೇ ರಟ್ಟಿನ ಒತ್ತಿಗೆ ಕನ್ನಡಿ ಬೇಕಾದಷ್ಟು ಬಾಗಲಿಲ್ಲ. ಮೇಜಿನ ಕಾಲಿನಿಂದ ಹಸಿರು ಕಾರ್ಡನ್ನೂ ಎಳೆದು ತಂದು ಅದರ ಜೊತೆಗಿಟ್ಟೆ. ಆಗ ಅವಳ ಮುಖ ಪೂರ್ತಿ ಕಂಡಿತು. ಮೇಜು ಅಲ್ಲಾಡಿಕೊಂಡಿತ್ತು, ಅದಕ್ಕೊಂದು ಕಬ್ಬಿಣದ ಬಿಲ್ಲೆ ವೆಲ್ಡಿಂಗು ಮಾಡಿದೆ.

ಮುಂದಿನ ತಿಂಗಳು ಅವಳು ಹೇಳಿದಂತೆಯೇ ಕೆಲಮಂಗಲಕ್ಕೆ ಹೋಗಿ ಬಂದಳು. ಬಂದವಳ ಕಾರ್ಡು ನೋಡಿದೆ. ಎಲ್ಲದರ ಮೇಲೂ ಅಡ್ಡಗೀಟು ಬಿದ್ದಿತ್ತು, ಕಡೆಯಲ್ಲಿ ಹೊಸದಾಗಿ ಒಂದು ಬೆಂಕಿಪೊಟ್ಟಣ ಬರೆಸಿಕೊಂಡಿದ್ದಳು.

“ಇದೊಂದ್ನ ಯಾಕೆ ಬುಟ್ಟೆ? ಅದಕ್ಕೂ ಕೊಟ್ಟಿದ್ರೆ ಪೂರ್ತಿ...” ಅಂದವನು ನಾಲಿಗೆ ತುದಿಗೆ ಬಂದ ಮಾತನ್ನು ನುಂಗಿಕೊಂಡೆ.

“ಊಂ, ಪೂರ್ತಿ? ಪೂರ್ತಿ ಏನಾಗ್ತಿತ್ತು? ಯೋಳಿ.”

“ಪೂರ್ತಿ ಹೆಚ್ತಿತ್ತು” ಅಂದೆ.

ಅವಳು ಹಾಗೇ ನಡೆಸಿಕೊಂಡು ಬಂದಳು. ತವರಿಗೆ ಹೋದಾಗಲೆಲ್ಲ ಹಿಂದಿನದನ್ನು ಕಟ್ಟಿ, ಒಂದು ಬೆಂಕಿಪೊಟ್ಟಣವನ್ನೋ ಒಂದು ಹಿಡಿ ಸಾಸಿವೆಯನ್ನೋ ಬರೆಸಿ ಬರುತ್ತಿದ್ದಳು. ಸಾಲ ಅನ್ನುವ ಮಾತು ನನಗೆ ಆಗಲೂ ಆಗುತ್ತಿರಲಿಲ್ಲ, ಈಗಲೂ ಆಗುವುದಿಲ್ಲ. ಆದರೆ ಆ ಹಳದಿ ರಟ್ಟಿನ ಬಗ್ಗೆ ಯಾರಾದರೂ ಕೇಳಿದರೆ, ಅದು ನನ್ನದಲ್ಲ, ನಮ್ಮ ಮನೆಯವಳದು, ಅವಳನ್ನೇ ಕೇಳಿ ಅನ್ನುತ್ತಿದ್ದೆ. ಹಾಗೆ ಹೇಳುವಾಗ ಎದೆ ಸ್ವಲ್ಪ ಮುಂದಕ್ಕೇ ಬರುತ್ತಿತ್ತು.